ಕಾರಿಗೆ ಮೂರು ಸಂತೆ

ಭೂಮಿ, ನಿನ್ನೆ ಬೆಳಿಗ್ಗೆ ನೀನು ಸೊಪ್ಪಿನವಳ ಎದುರಿಗೇ ನನ್ನನ್ನು ಬೈದೆ. ಎರಡು ಕಟ್ಟು ದಂಟಿನ ಸೊಪ್ಪಿಗೆ ಅವಳು ಕೇಳಿದಷ್ಟನ್ನೂ ಕೊಟ್ಟು ನಾನು ಒಳಗೆ ಬಂದೆ ಅಂತ ನಿನಗೆ ಸಿಟ್ಟು. "ಅಜ್ಜಿ, ನಿನ್ನಂಥವರು ಬೀದಿಗೆ ನಾಲ್ಕು ಜನ ಇದ್ರೆ ಸಾಕು, ಅವಳು ಮಹಡಿ ಮನೆ ಕಟ್ಟಿಸ್ತಾಳೆ ಕಣಜ್ಜಿ" ಅಂದೆ. ಸೊಪ್ಪಿನವಳು ಬುಟ್ಟಿ ಎತ್ತಿಕೊಳ್ಳುತ್ತಾ, "ಬುಡವ್ವ, ನಿಮ್ಮಜ್ಜಿ ಕೈ ದೊಡ್ದು" ಅಂತ ನಕ್ಕಳು.

ನನ್ನ ಕೈ ದೊಡ್ಡದೇನಲ್ಲ. ನಾನು ಚೌಕಾಸಿ ಮಾಡುವುದನ್ನು ಬಿಟ್ಟು ಹನ್ನೆರಡು ವರ್ಷವಾಯಿತು, ಅಷ್ಟೆ.

ಸಂಜೆ ನೀನು ಲ್ಯಾಬಿನ ಕೆಲಸ ಮುಗಿಸಿ ಬಂದವಳೇ ತಮ್ಮ ಮನುವನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಶನಿವಾರ ಕಾರಿನ ವ್ಯಾಪಾರಕ್ಕೆ ಹೋಗಬೇಕು, ಅಲ್ಲಿ ಏನೇನು ಮಾತಾಡಬೇಕು, ಎಷ್ಟರಿಂದ ಶುರು ಮಾಡಬೇಕು ಅಂತ ನಿಮ್ಮಿಬ್ಬರ ತಯಾರಿ ನಡೆದಿತ್ತು. ಮನು ಫೋನು ನೋಡಿಕೊಂಡು ಓದುತ್ತಿದ್ದ: ಇಷ್ಟವಾದ ಗಾಡಿಯನ್ನು ಇಷ್ಟ ಅಂತ ತೋರಿಸಬಾರದು, ಅವಸರ ಇದೆ ಅಂತ ಹೇಳಬಾರದು, ಒಪ್ಪದಿದ್ದರೆ ಎದ್ದು ಬಂದುಬಿಡಬೇಕು. ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದ ನನ್ನ ಕೈ ನಿಂತುಹೋಯಿತು. ಆಗ ನೀನು ಕೂಗಿದೆ: "ಅಜ್ಜಿ, ನಿಮ್ಮಪ್ಪ ದನದ ದಳ್ಳಾಳಿ ಅಲ್ವಾ? ನೀನೂ ಶನಿವಾರ ಬಾ. ಏನಾದ್ರೂ ಗುಟ್ಟು ಹೇಳ್ಕೊಡು." "ನಂಗೇನ್ ಗೊತ್ತು ಹೋಗಮ್ಮ" ಅಂತ ನಲ್ಲಿಯನ್ನು ಜೋರಾಗಿ ತಿರುಗಿಸಿದೆ.

ಗೊತ್ತಿತ್ತು. ಬಾಯಲ್ಲಿ ಹೇಳಲಾಗದ್ದಕ್ಕೆ ಮನುವಿನ ಹಳೆಯ ಗಣಿತದ ನೋಟ್‌ಬುಕ್ಕಿನ ಕೊನೆಯಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅಕ್ಷರ ದಪ್ಪಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕೈ ಇದು.

ಆ ಶಾಲೆಯಲ್ಲಿ ನನಗೆ ಒಂದು ಇಡೀ ವರ್ಷ ಗೈರುಹಾಜರಿ ಬಿದ್ದಿತ್ತು. ನಾನು ದಿನವೂ ಹೋಗುತ್ತಿದ್ದೆ. ಮೇಷ್ಟ್ರು ಹೆಸರು ಕೂಗಿದಾಗ "ಬಂದಿವ್ನಿ ಸಾ" ಅನ್ನುತ್ತಿದ್ದೆ, ಆದರೆ ಅದು ನನ್ನ ಪಕ್ಕ ಕೂತವಳಿಗೂ ಕೇಳುತ್ತಿರಲಿಲ್ಲ. ವರ್ಷದ ಕೊನೆಗೆ ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಬಂದು, "ನಮ್ಮುಡುಗಿ ದಿನಾ ಸ್ಲೇಟು ತಗಂಡು ಬತ್ತಾಳಲ್ಲ ಸಾ, ಇನ್ನೆಲ್ಲಿಗೋಯ್ತಾಳೆ?" ಅಂತ ಕೇಳಿದರು. ನಾನು ಅವರ ಮುಂದೆಯೇ ಮೊದಲ ಸಾಲಿನಲ್ಲಿ ಕೂತಿದ್ದೆ.

ಮದುವೆಯಾಗಿ ಮೈಸೂರಿಗೆ ಬಂದ ಮೇಲೂ ಹಾಗೇ. ಬಸ್ಸಿನಲ್ಲಿ "ಇಳೀಬೇಕು" ಅಂತ ಕೂಗುವುದಕ್ಕೆ ನಾಚಿಕೆ. ಯಾರಾದರೂ ನನ್ನ ಸ್ಟಾಪಿನಲ್ಲಿ ಇಳಿದರೆ ನಾನೂ ಇಳಿಯುತ್ತಿದ್ದೆ, ಇಲ್ಲದಿದ್ದರೆ ಕೊನೆಯ ಸ್ಟಾಪಿನವರೆಗೂ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು. ಸೀರೆ ಅಂಗಡಿಗೆ ಹೋದರೆ ನಿಮ್ಮ ತಾತನೇ ಮಾತಾಡುತ್ತಿದ್ದರು. ನಾನು ಅವರ ಹಿಂದೆ ನಿಂತು ಅಂಗಿ ಎಳೆಯುತ್ತಿದ್ದೆ. ಒಂದು ಸಲ ಎಳೆದರೆ ಬೆಲೆ ಜಾಸ್ತಿ ಅಂತ, ಎರಡು ಸಲ ಎಳೆದರೆ ತೆಗೆದುಕೊಳ್ಳಿ ಅಂತ. "ನಿನ್ನಿಂದ ನನ್ನ ಅಂಗಿಯೆಲ್ಲ ಬೆನ್ನ ಕಡೆಯೇ ಹರಿಯೋದು" ಅನ್ನುತ್ತಿದ್ದರು. ಅವರು ಹೋದ ಮೇಲೆ ನನಗೆ ಎಳೆಯುವುದಕ್ಕೆ ಅಂಗಿಯೂ ಇಲ್ಲವಾಯಿತು.

ಆದರೆ ವ್ಯಾಪಾರ ನನಗೆ ಗೊತ್ತಿಲ್ಲದ ವಿಷಯವಲ್ಲ. ಅಪ್ಪ ವಾರದ ದನದ ಸಂತೆಯಲ್ಲಿ ದಳ್ಳಾಳಿಯಾಗಿದ್ದರು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕುದುರಿಸುವ ಕೆಲಸ. ಹೆಣ್ಣುಮಕ್ಕಳು ಆ ಕಡೆ ಹೋಗುವಂತಿರಲಿಲ್ಲ, ಆದರೆ ಅಪ್ಪನಿಗೆ ಬುತ್ತಿ ಕೊಡುವುದಕ್ಕೆ ನನ್ನನ್ನು ಕಳಿಸುತ್ತಿದ್ದರು. ಹಗ್ಗ, ಗಂಜಲ, ಬೀಡಿ ಹೊಗೆ, ಮೂಗುದಾರ ಎಳೆದು ಹಲ್ಲು ಎಣಿಸುವ ಗಂಡಸರು. ಬೆಲೆಯನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರು ಕೈ ಹಿಡಿದುಕೊಳ್ಳುವರು, ಮೇಲೊಂದು ಟವಲು ಹೊದಿಸುವರು. ಒಳಗೆ ಬೆರಳು ಹಿಡಿದೇ ಲೆಕ್ಕ. ಮುಖ ಮಾತ್ರ ಕಲ್ಲಿನ ಹಾಗೆ. ಇಷ್ಟೊಂದು ಮಾತು ಸದ್ದಿಲ್ಲದೆ ನಡೆಯುತ್ತದಲ್ಲ, ಇದು ನನ್ನಂಥವಳಿಗೇ ಹೇಳಿಮಾಡಿಸಿದ ಕೆಲಸ ಅಂತ ನನಗೆ ಅನ್ನಿಸುತ್ತಿತ್ತು. ಗಂಡಾಗಿ ಹುಟ್ಟಿದ್ದರೆ ಒಳ್ಳೆಯ ದಳ್ಳಾಳಿ ಆಗುತ್ತಿದ್ದೆನೋ ಏನೋ.

ಬುತ್ತಿ ಉಣ್ಣುತ್ತಾ ಅಪ್ಪ ಹೇಳುತ್ತಿದ್ದರು: "ನಿನಗೆ ಬೇಕಾದ ಎತ್ತಿನ ಮೇಲೆ ಕಣ್ಣಾಕಬ್ಯಾಡ, ಪಕ್ಕದ್ದರ ಮೇಲೆ ಹಾಕು. ಯಾಕೆ ಬೇಕು ಅಂತ ಬಾಯಿ ಬುಡಬ್ಯಾಡ. ಬೆಲೆ ಒಪ್ಪಲಿಲ್ವಾ, ಎದ್ದು ಬಾ. ಮೂರು ಸಂತೆ ಕಾದ್ರೆ ಎಂಥೋನೂ ಇಳೀತಾನೆ." ಮೊದಲ ಸಂತೆಯಲ್ಲಿ ಮಾರುವವನಿಗೆ ಜಂಬ, ಎರಡನೆಯದರಲ್ಲಿ ಅನುಮಾನ, ಮೂರನೆಯ ಸಂತೆಗೆ ದನವನ್ನು ವಾಪಸ್ಸು ಹೊಡೆದುಕೊಂಡು ಹೋಗುವ ದಾರಿಯೇ ಭಾರ. ಇದನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಉಪಯೋಗಕ್ಕೆ ಬರುವ ದಿನ ಬರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ನಿಮ್ಮಮ್ಮ ಸುಧಾಳ ವಿಷಯಕ್ಕೆ ಬರಬೇಕು. ಸುತ್ತಿ ಬಳಸಿ ಅಲ್ಲಿಗೆ ಬರುವುದನ್ನೇ ತಡಮಾಡುತ್ತಿದ್ದೇನೆ.

ಭೂಮಿ, ನಿನಗೆ ಆಗ ಹನ್ನೊಂದು ವರ್ಷ, ಮನುವಿಗೆ ಐದು. ಸುಧಾಳ ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಿತ್ತು. ಸೂಜಿ ಚುಚ್ಚುವುದಕ್ಕೆ ಅವಳ ಎಡಗೈಯಲ್ಲಿ ನರ ಸೇರಿಸಿ ಹೊಲಿದಿದ್ದರು, ಆ ಜಾಗ ಸದಾ ಗುಂಯ್ ಅನ್ನುತ್ತಿತ್ತು. ಮನು, ನೀನು ಅಲ್ಲಿ ಕಿವಿ ಇಟ್ಟು "ಅಮ್ಮನ ಕೈಯಲ್ಲಿ ಜೇನುನೊಣ" ಅನ್ನುತ್ತಿದ್ದೆ. ಅವಳು ನಿನ್ನ ತಲೆಗೂದಲಿನಲ್ಲಿ ಬಲಗೈ ಆಡಿಸುತ್ತಾ, "ಸುಮ್ನಿರು, ಕಚ್ಚುತ್ತೆ" ಅನ್ನುತ್ತಿದ್ದಳು.

ಬೋಗಾದಿಯ ನಮ್ಮ ಮನೆಯಿಂದ ಆಸ್ಪತ್ರೆಗೆ ಹೋಗುವುದೇ ದೊಡ್ಡ ಕೆಲಸವಾಗಿತ್ತು. ಈಗಿನ ಹಾಗೆ ಫೋನು ಒತ್ತಿದರೆ ಬಾಗಿಲಿಗೆ ಗಾಡಿ ಬರುವ ಕಾಲವಲ್ಲ. ನಮ್ಮ ಬಡಾವಣೆ ಆಗತಾನೇ ಎದ್ದಿತ್ತು, ನಾಲ್ಕು ಮನೆಗೆ ಒಂದು ಖಾಲಿ ಸೈಟು. ಸಿದ್ದಣ್ಣ ಅಂತ ಒಬ್ಬ ಆಟೋದವನು ಬೆಳಿಗ್ಗೆ ಆರಕ್ಕೆ ಬರುತ್ತಿದ್ದ. ಅವನು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ನಿಮ್ಮ ತಾತ ಬಿಟ್ಟುಹೋಗಿದ್ದ ಹಣದಲ್ಲಿ ಒಂದು ಹಳೆಯ ಕಾರು ತರುವುದು ಅಂತ ತೀರ್ಮಾನವಾಯಿತು. ನಿಮ್ಮಪ್ಪನಿಗೆ ಪ್ರಿಂಟಿಂಗ್ ಪ್ರೆಸ್ಸಿನ ವ್ಯಾನು ಓಡಿಸಿ ಅಭ್ಯಾಸವಿತ್ತು. ರಿಂಗ್ ರೋಡಿನ ಪಕ್ಕದಲ್ಲಿ ಹಳೆಯ ಕಾರು ಮಾರುವ ಶೇಖರಪ್ಪನವರ ಅಂಗಡಿಯಲ್ಲಿ ಒಂದು ಬಿಳಿಯ ಸಣ್ಣ ಕಾರನ್ನು ಅವನು ನೋಡಿಕೊಂಡು ಬಂದಿದ್ದ.

ಹೋಗುವ ಹಿಂದಿನ ಸಂಜೆ ಇದೇ ಮನೆಯಲ್ಲಿ ನಿನ್ನೆ ನಿಮ್ಮಿಬ್ಬರದಂಥದೇ ತಯಾರಿ ನಡೆಯಿತು. ನಿಮ್ಮಪ್ಪನ ಸ್ವಭಾವ ಗೊತ್ತಲ್ಲ, ಯಾರಿಗೂ ಇಲ್ಲ ಅನ್ನಲಾರ. ಅವನಿಗೆ ತಾಲೀಮು ಕೊಡಬೇಕು ಅಂತ ಸುಧಾ ತಾನೇ ಅಂಗಡಿಯವನಾದಳು. ಹೆಗಲ ಮೇಲೆ ಟವಲು ಹಾಕಿಕೊಂಡು, ಮಂಚದ ಮೇಲೆ ದಿಂಬಿಗೆ ಒರಗಿಕೊಂಡು, ದಪ್ಪ ದನಿಯಲ್ಲಿ, "ಬನ್ನಿ ಸಾರ್, ಒಬ್ಬರೇ ಡಾಕ್ಟ್ರು ಓಡಿಸಿದ ಗಾಡಿ. ವಾರಕ್ಕೊಂದ್ಸಲ ಚಾಮುಂಡಿ ಬೆಟ್ಟಕ್ಕೆ ಬಿಟ್ರೆ ಇನ್ನೆಲ್ಲಿಗೂ ಹೋಗಿಲ್ಲ. ಎರಡು ಲಕ್ಷ ಹತ್ತು ಸಾವಿರ!" ಅಂದಳು.

ನಿಮ್ಮಪ್ಪ ಗಂಟಲು ಸರಿಮಾಡಿಕೊಂಡು, "ಸ್ವಲ್ಪ ನೋಡಿ ಹೇಳಿ ಸಾರ್" ಅಂದ.

"ನೋಡೇ ಹೇಳಿದ್ದು."

"ಹಾಗಾದ್ರೆ ಆಯ್ತು ಸಾರ್."

ಸುಧಾ ಟವಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಕ್ಕರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. "ರೀ, ನಿಮ್ಮನ್ನ ಕಳಿಸಿದ್ರೆ ನಮ್ಮ ಮನೇನೂ ಅವನಿಗೇ ಬರ್ಕೊಟ್ಟು ಬರ್ತೀರ" ಅಂದಳು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಾನು, ಯಾಕೋ ಏನೋ, ಬಾಯಿ ಬಿಟ್ಟೆ. ಅಪ್ಪನ ಮಾತುಗಳನ್ನು ಒಂದೊಂದಾಗಿ ಹೇಳಿದೆ. ಮೂರು ಸಂತೆ ಅಂದರೆ ಮೂರು ಭಾನುವಾರ ಅಂತಲೂ ನಾನೇ ಲೆಕ್ಕ ಹಾಕಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಸುಧಾ ಎದ್ದು ಕೂತು, "ಅತ್ತೇ! ಇಷ್ಟು ದಿನ ಇದನ್ನೆಲ್ಲ ಯಾವ ಡಬ್ಬೀಲಿ ಇಟ್ಟಿದ್ರಿ?" ಅಂದಳು. ತನ್ನ ಹೆಗಲ ಟವಲನ್ನು ತೆಗೆದು ನನ್ನ ಹೆಗಲಿಗೆ ಹಾಕಿ, "ಇವತ್ತಿಂದ ಈ ಮನೆಗೆ ಅತ್ತೇನೇ ದಳ್ಳಾಳಿ" ಅಂದಳು.

ನನಗೆ ಎಷ್ಟು ಹಿಗ್ಗಾಯಿತು ಅಂತ ಹೇಳಲಾರೆ. ಐವತ್ತೈದು ದಾಟಿದ ಮೇಲೆ ಮೊದಲ ಸಲ ನನ್ನ ಮಾತನ್ನು ಒಂದು ಮನೆ ಕೂತು ಕೇಳಿತ್ತು.

ಭಾನುವಾರ ನಾನೂ ನಿಮ್ಮಪ್ಪನೂ ಹೋದೆವು. ಸುಧಾ ಬರುತ್ತೇನೆ ಅಂದಳು. ಅವಳ ಕೈಯ ಪಟ್ಟಿ, ಊದಿದ ಮುಖ ನೋಡಿದರೆ ನಮ್ಮ ಅವಸರ ಗೊತ್ತಾಗಿಬಿಡುತ್ತದೆ ಅಂತ ನಾನೇ ಬೇಡವೆಂದೆ. ಶೇಖರಪ್ಪನವರು ಬಿಳಿ ಅಂಗಿಯ, ಸುಮಾರು ಐವತ್ತರ ಮನುಷ್ಯ. ನನ್ನನ್ನು ಕಂಡ ಕೂಡಲೇ ತಾವು ಕೂತಿದ್ದ ಕುರ್ಚಿಯನ್ನೇ ಎಳೆದುಕೊಟ್ಟರು. "ಕೂತ್ಕೊಳ್ಳಿ ತಾಯಿ. ಟೀ ತರಿಸ್ಲಾ? ಗಾಡಿ ಯಾರಿಗೆ, ಮಗನಿಗಾ? ದಿನಾ ಓಡಿಸೋಕಾ, ಊರಿಗೆ ಹೋಗಿಬರೋಕಾ?" ಅಂತ ಕೇಳಿದರು. ನಿಮ್ಮಪ್ಪ ನನ್ನ ಕಡೆ ನೋಡಿದ. ನಾನು ಬಿಳಿ ಕಾರನ್ನು ಬಿಟ್ಟು ಅದರ ಪಕ್ಕದಲ್ಲಿದ್ದ ಕೆಂಪು ಕಾರನ್ನು ದಿಟ್ಟಿಸುತ್ತಿದ್ದೆ. "ಸುಮ್ನೆ, ಮನೇಲೊಂದಿರ್ಲಿ ಅಂತ" ಅಂದ ಅವನು, ನಾನು ಹೇಳಿಕೊಟ್ಟ ಹಾಗೆಯೇ.

"ಹಂಗಾದ್ರೆ ಅವಸರ ಏನಿಲ್ಲ ಅನ್ನಿ" ಅಂತ ಅವರು ನಕ್ಕರು.

ಅವರು ಎರಡು ಹತ್ತು ಅಂದರು. ಒಂದು ಎಂಬತ್ತು ಅಂತ ನಿಮ್ಮಪ್ಪ ಗಟ್ಟಿಯಾಗಿಯೇ ಹೇಳಿದ. ಅವರು ಕೈ ಮುಗಿದರು. ನಾವು ಎದ್ದು ಬಂದೆವು. ದಾರಿಯುದ್ದಕ್ಕೂ ನಮ್ಮಿಬ್ಬರಿಗೂ ನಗು. ಮನೆಗೆ ಬಂದು ಸುಧಾಳಿಗೆ ಆ ಕೆಂಪು ಕಾರಿನ ಕಥೆ ಹೇಳಿದ್ದೇ ಹೇಳಿದ್ದು.

ಎರಡನೆಯ ಭಾನುವಾರ ಮಧ್ಯಾಹ್ನ ಶೇಖರಪ್ಪನವರದ್ದೇ ಫೋನು ಬಂತು. ನಿಮ್ಮಪ್ಪ ಎಲ್ಲರಿಗೂ ಕೇಳುವ ಹಾಗೆ ಹಿಡಿದುಕೊಂಡ. "ಎರಡಕ್ಕೆ ಮುಗಿಸಿಬಿಡೋಣ ಮಹೇಶಣ್ಣ. ಇವತ್ತೇ ಸಂಜೆ ಬಂದು ಗಾಡಿ ತಗೊಂಡೋಗಿ. ಪೇಪರ್ ಕೆಲಸ ನಿಧಾನಕ್ಕೆ ಮಾಡಿಸ್ಕೊಡ್ತೀನಿ" ಅಂದರು. ನಿಮ್ಮಪ್ಪನ ಮುಖ ಅರಳಿತು. ಫೋನಿಗೆ ಕೈ ಅಡ್ಡ ಹಿಡಿದು, "ಅವ್ವ, ಆಯ್ತು ಅಂದ್ಬುಡ್ಲಾ? ನಾಳೆ ಬೆಳಿಗ್ಗೆ ಸಿದ್ದಣ್ಣ ಬೇರೆ ಇಲ್ಲ, ಅವರಕ್ಕನ ಮಗಳ ಮದುವೆ" ಅಂದ.

ಇದನ್ನು ನೀವಿಬ್ಬರೂ ಸರಿಯಾಗಿ ಓದಬೇಕು. ನನಗೆ ಗೊತ್ತಿತ್ತು. ಸಿದ್ದಣ್ಣ ಇಲ್ಲವೆಂದು ಗೊತ್ತಿತ್ತು, ನಾಳೆ ಸೋಮವಾರವೆಂದೂ ಗೊತ್ತಿತ್ತು. ಆದರೂ ನಾನು ತಲೆ ಅಲ್ಲಾಡಿಸಿದೆ. "ಇನ್ನೊಂದು ವಾರ ಕಣಪ್ಪ. ಮೂರನೇ ಸಂತೆಗೆ ಬೀಳ್ತಾನೆ" ಅಂದೆ.

ನಿಮ್ಮಪ್ಪ ಸುಧಾಳ ಕಡೆ ತಿರುಗಿದ. ಅವಳು ಮಂಚದ ಮೇಲಿಂದಲೇ, "ಅತ್ತೆ ಹೇಳಿದ್ಮೇಲೆ ಮುಗೀತು. ನಾಳೆ ಒಂದಿನ ಬೇರೆ ಆಟೋ ಸಿಗದೆ ಇರುತ್ತಾ, ಬುಡ್ರೀ" ಅಂದಳು. ಅವನು, "ಯೋಚ್ನೆ ಮಾಡಿ ಹೇಳ್ತೀವಿ ಸಾರ್" ಅಂತ ಫೋನು ಇಟ್ಟ.

ಹಣಕ್ಕಾಗಿ ಹಾಗೆ ಮಾಡಿದೆ ಅಂತ ನಾನು ಬಹಳ ದಿನ ನಂಬಿಕೊಂಡಿದ್ದೆ. ವಿಧವೆಯ ಹಣ, ಗಂಡ ಬೆವರು ಸುರಿಸಿ ಉಳಿಸಿದ ಹಣ, ಹೀಗೆಲ್ಲ. ಅದು ನಿಜವಲ್ಲ. ನನ್ನ ಮಾತು ನಡೆಯಬೇಕಿತ್ತು. ಮೂರನೆಯ ಭಾನುವಾರ ಶೇಖರಪ್ಪನವರು ಫೋನು ಮಾಡಿ "ಆಯ್ತು ತಾಯಿ" ಅನ್ನಬೇಕು, ಸುಧಾ ಇನ್ನೊಂದು ಸಲ ನನ್ನ ಹೆಗಲಿಗೆ ಟವಲು ಹಾಕಬೇಕು. ಅಷ್ಟಕ್ಕೆ.

ಸೋಮವಾರ ಬೆಳಿಗ್ಗೆ ಮಳೆ. ನಿಮ್ಮಪ್ಪ ಛತ್ರಿ ಹಿಡಿದು ಸರ್ಕಲ್ಲಿನಲ್ಲಿ ಒಂದೂವರೆ ಗಂಟೆ ನಿಂತ. ಬಂದ ಎರಡು ಆಟೋದಲ್ಲೂ ಸ್ಕೂಲಿನ ಮಕ್ಕಳು. ಕೊನೆಗೆ ಬಸ್ಸು ಹಿಡಿದು, ಮತ್ತೊಂದು ಬಸ್ಸಿಗೆ ಹತ್ತಿ ಅವರು ಆಸ್ಪತ್ರೆ ಮುಟ್ಟುವಾಗ ಒಂಬತ್ತೂವರೆ. ಅವಳ ಸರದಿ ದಾಟಿಹೋಗಿತ್ತು, ಆ ಹಾಸಿಗೆಯಲ್ಲಿ ಬೇರೆಯವರು ಮಲಗಿದ್ದರು. ಸಂಜೆಯವರೆಗೆ ಕಾದರೆ ನೋಡೋಣ, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮೊದಲ ಸರದಿ ಅಂದರಂತೆ. ಸುಧಾ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದು, "ಮಕ್ಕಳು ಸ್ಕೂಲಿಂದ ಬರೋ ಹೊತ್ತು, ನಡೀರಿ, ನಾಳೆ ಬಂದ್ರಾಯ್ತು" ಅಂದಳಂತೆ. ಮನೆಗೆ ಬಂದಾಗ ಅವಳ ಪಾದ ಚಪ್ಪಲಿಯಲ್ಲಿ ಹಿಡಿಯುತ್ತಿರಲಿಲ್ಲ. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿದೆ. "ಬುಡಿ ಅತ್ತೆ, ನೀವ್ಯಾಕೆ ಕಾಲು ಮುಟ್ತೀರ" ಅಂತ ಕಾಲು ಹಿಂದಕ್ಕೆ ಎಳೆದುಕೊಂಡಳು. ಆ ಸಂಜೆ ನಿನಗೆ ಎರಡು ಜಡೆ ಹೆಣೆದವಳು ಅವಳೇ, ಭೂಮಿ. ನಿನಗೆ ನೆನಪಿದೆಯೋ ಇಲ್ಲವೋ, ನಾನು ಯಾವತ್ತೂ ಕೇಳಿಲ್ಲ.

ಮಂಗಳವಾರ ಬೆಳಕು ಹರಿಯುವ ಮುಂಚೆ ಅವಳಿಗೆ ಉಸಿರು ಕಟ್ಟಿತು. ಪಕ್ಕದ ಬೀದಿಯವರ ವ್ಯಾನು ಸಿಕ್ಕಿತು, ಅದರಲ್ಲಿ ಹೋದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಆ ತಲೆ ಭಾರವಾಯಿತು.

ಡಾಕ್ಟರು ಒಳ್ಳೆಯವರು. "ಒಂದು ದಿನ ತಪ್ಪಿದ್ದಕ್ಕೇ ಹೀಗಾಯ್ತು ಅಂತ ಹೇಳಕ್ಕಾಗಲ್ಲಮ್ಮ, ಅವರ ಹೃದಯ ಮೊದಲೇ ಸೋತಿತ್ತು" ಅಂದರು. ನಿಮ್ಮಪ್ಪ ಆ ಮಾತನ್ನೇ ಹಿಡಿದುಕೊಂಡ. ನಿಮಗೂ ಅದನ್ನೇ ಹೇಳಿದ: ಅಮ್ಮನಿಗೆ ಕಾಯಿಲೆ ಜಾಸ್ತಿಯಾಯಿತು. ಈ ಹನ್ನೆರಡು ವರ್ಷದಲ್ಲಿ ಅವನು ನನ್ನ ಎದುರಿಗೆ ಆ ಭಾನುವಾರದ ಹೆಸರೆತ್ತಿಲ್ಲ. ಒಂದು ಸಲ ಬೈದಿದ್ದರೆ ನನಗೆ ಚೆನ್ನಾಗಿತ್ತು.

ಅಪ್ಪನ ಮಾತಿನ ಇನ್ನರ್ಧ ನನಗೆ ನೆನಪಾದದ್ದು ಆಮೇಲೆ. ಒಂದು ವರ್ಷ ಮುಂಗಾರು ಬಿದ್ದು ಹೊಲ ಹದವಾಗಿದ್ದಾಗ ಒಬ್ಬ ರೈತ ಸಂತೆಗೆ ಓಡಿಬಂದಿದ್ದ. ಜೋಡಿಯಲ್ಲಿ ಒಂದೆತ್ತು ಹಿಂದಿನ ದಿನ ಸತ್ತಿತ್ತು. ಎಲ್ಲರ ಮುಂದೆ ಅದನ್ನು ಹೇಳಿಕೊಂಡು ಅತ್ತ. ಇವನು ಇವತ್ತು ಸುಲಿಸಿಕೊಳ್ಳುತ್ತಾನೆ ಅಂತ ಅಂದುಕೊಂಡೆ. ಅಪ್ಪ ಟವಲನ್ನು ಹೆಗಲಿನಿಂದ ತೆಗೆಯಲೇ ಇಲ್ಲ. ಮಾರುವವನಿಗೆ ಎಲ್ಲರಿಗೂ ಕೇಳುವ ಹಾಗೆ ಬೆಲೆ ಹೇಳಿ, ಹಗ್ಗವನ್ನು ಆ ರೈತನ ಕೈಗೆ ಕೊಡಿಸಿ ಕಳಿಸಿದರು. "ಹದ ಆರೋ ಹೊತ್ನಲ್ಲಿ ಎಂಥಾ ಯಾಪಾರವ್ವ" ಅಂದರು ನನಗೆ. ಮೂರು ಸಂತೆ ಕಾಯುವ ಬುದ್ಧಿ ಹಟ್ಟಿಯಲ್ಲಿ ಎತ್ತಿದ್ದವನಿಗೆ ಹೇಳಿದ್ದು. ನಾನು ಎಳೆಯವಳು, ಜಾಣತನದ ಮಾತನ್ನು ಇಟ್ಟುಕೊಂಡೆ. ಇದನ್ನು ಕಳೆದುಕೊಂಡೆ.

ತಿಥಿ ಮುಗಿದ ಮೇಲೂ ನಿಮ್ಮಪ್ಪನ ಫೋನಿಗೆ ಶೇಖರಪ್ಪನವರ ಕರೆ ಬರುತ್ತಿತ್ತು. ಅವನು ತೆಗೆಯುತ್ತಿರಲಿಲ್ಲ. ಫೋನು ಮೇಜಿನ ಮೇಲೆ ಗರಗರ ತಿರುಗಿ ಸುಮ್ಮನಾಗುತ್ತಿತ್ತು. ಆ ಮನುಷ್ಯ ನಮಗೋಸ್ಕರ ಗಾಡಿ ಹಿಡಿದಿಟ್ಟುಕೊಂಡಿರಬಹುದು, ಬೇಡ ಅಂತ ಹೇಳಬೇಕಾದದ್ದು ನ್ಯಾಯ ಅನ್ನಿಸಿತು. ಹೇಳಬೇಕಾದವಳು ನಾನು ಅನ್ನಿಸಿತು. ಒಂದು ಬೆಳಿಗ್ಗೆ ನಿಮ್ಮನ್ನು ಸ್ಕೂಲಿಗೆ ಕಳಿಸಿ, ನಿಮ್ಮಪ್ಪ ಕೆಲಸಕ್ಕೆ ಹೋದ ಮೇಲೆ, ಒಬ್ಬಳೇ ಬಸ್ಸು ಹತ್ತಿದೆ. "ಇಳೀಬೇಕು" ಅಂತ ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದೆ ಅಂತ ಕಾಣುತ್ತದೆ.

ಬಿಳಿ ಕಾರು ಅಲ್ಲೇ ಇತ್ತು, ಗಾಜಿನ ಮೇಲೆ ಧೂಳು. ಶೇಖರಪ್ಪನವರು ನನ್ನನ್ನು ಕಂಡು ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. "ಬನ್ನಿ ತಾಯಿ, ಬನ್ನಿ! ಗೆದ್ರಿ ನೀವು. ನಾನೇ ಸೋತೆ. ಮಗನ ಕೈಲಿ ಫೋನೂ ತೆಗೆಸ್ದೆ ಸತಾಯಿಸಿಬಿಟ್ರಲ್ಲ! ಒಂದು ಎಂಬತ್ತಕ್ಕೇ ಆಯ್ತು, ನಿಮ್ಮ ಮಾತೇ ನಡೀಲಿ" ಅಂದರು.

ಅವರು ಕೊಟ್ಟ ಕುರ್ಚಿಯಲ್ಲಿ ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಗಾಡಿ ಯಾಕೆ ಬೇಕಿತ್ತು, ಯಾರಿಗೆ ಬೇಕಿತ್ತು, ಅವರು ಎರಡಕ್ಕೆ ಒಪ್ಪಿದ ಮಾರನೆಯ ದಿನ ಯಾವ ದಿನವಾಗಿತ್ತು, ಎಲ್ಲವನ್ನೂ. ಜೀವಮಾನದಲ್ಲಿ ಹೊರಗಿನ ಗಂಡಸಿನ ಜೊತೆ ಅಷ್ಟು ಮಾತು ನಾನು ಆಡಿದ್ದು ಅದೊಂದೇ ಸಲ.

ಅವರು ಎತ್ತಿದ್ದ ಕೈ ಇಳಿಸಿ ಮೇಜು ಹಿಡಿದುಕೊಂಡರು. ಆಮೇಲೆ, "ಅವತ್ತು ನಾನು ಕೇಳಿದ್ನಲ್ಲ ತಾಯಿ, ಯಾರಿಗೆ ಗಾಡಿ ಅಂತ. ಒಂದು ಮಾತು ಹೇಳಬಾರದಿತ್ತಾ? ದುಡ್ಡು ಆಮೇಲೆ ನೋಡ್ಕೊಳ್ಳೋಣ, ಮೊದಲು ಗಾಡಿ ತಗೊಂಡೋಗಿ ಅಂತ ಅವತ್ತೇ ಕೀ ಕೊಡ್ತಿದ್ನಲ್ಲ" ಅಂದರು.

ವ್ಯಾಪಾರಸ್ಥರು ಹಾಗೆ ಹೇಳುವುದುಂಟು, ಅದೊಂದು ಬಾಯಿಮಾತು ಅಂತ ಈ ಹನ್ನೆರಡು ವರ್ಷವೂ ನನಗೆ ನಾನೇ ಹೇಳಿಕೊಳ್ಳುತ್ತಾ ಬಂದಿದ್ದೇನೆ. ಆದರೆ ಆ ಮಾತು ಆಡುವಾಗ ನನಗೆ ಮಾರಬೇಕಾದದ್ದು ಅವರಿಗೆ ಏನೂ ಉಳಿದಿರಲಿಲ್ಲ.